ಕಂಕುಳಿನ ಗಾರೆ

ಹಲಗೂರಿನ ಬಸ್ ನಿಲ್ದಾಣದಲ್ಲಿ ಆ ಬೆಳಿಗ್ಗೆ ನಾನು ಬಲಗೈ ಎತ್ತಿಕೊಂಡೇ ನಿಂತಿದ್ದೆ. ಇಳಿಸಿದರೆ ಕಂಕುಳಲ್ಲಿ ನೋವು. ಎತ್ತಿದ ಕೈ ಕಂಡು ಕನಕಪುರದ ಬಸ್ಸೂ ನಿಂತಿತು, ಕಬ್ಬಿನ ಲಾರಿಯೂ ನಿಂತಿತು. ಲಾರಿ ನಿಂತದ್ದು ನಿಜವೋ, ಅತ್ತೆ ಹೇಳಿ ಹೇಳಿ ನನಗೂ ಕಂಡಂತಾಗಿದೆಯೋ, ಈಗ ಹೇಳಲಾರೆ.

ಅತ್ತೆ ಎಂದರೆ ಅಪ್ಪನ ಅಕ್ಕ. ರಜೆಗೆ ಅವರ ಹಳ್ಳಿಗೆ ಹೋದವನು ಉತ್ಸಾಹದಲ್ಲಿ ಕಬ್ಬಿನ ಒಣ ಗರಿ ಸುಲಿಯಲು ಹೋಗಿ ಬೆರಳು ಕೊಯ್ದುಕೊಂಡಿದ್ದೆ. ಬೆರಳಲ್ಲಿ ಕೀವಾಯಿತು, ಹಿಂದೆಯೇ ಕಂಕುಳಲ್ಲಿ ಗಡ್ಡೆ ಎದ್ದಿತು. ಅತ್ತೆ ಸುಣ್ಣ ಬೆಲ್ಲ ಕಲಸಿ ಮೆತ್ತಿದರು. ನಮ್ಮ ಕಡೆ ಯಾವ ಗಡ್ಡೆಗೂ ಮೊದಲು ಅದೇ. ಮರುದಿನದ ಸ್ನಾನದಲ್ಲಿ ಅದು ತೊಳೆದುಹೋಯಿತೆಂದುಕೊಂಡೆ. ತನ್ನ ಕಂಕುಳನ್ನು ತಾನೇ ಯಾರು ಬಗ್ಗಿ ನೋಡಿಕೊಳ್ಳುತ್ತಾರೆ?

ಫೋನಿನಲ್ಲಿ ಓದಿದೆ. ಅದು ದುಗ್ಧರಸ ಗ್ರಂಥಿಯಂತೆ, ಇಂಗ್ಲಿಷಿನ ಲಿಂಫ್ ನೋಡ್. ಮೆತ್ತಗಿದ್ದು, ಒತ್ತಿದರೆ ಜಾರಿದರೆ ಸಾಮಾನ್ಯವಾಗಿ ಭಯವಿಲ್ಲ. ಕಲ್ಲಿನಂತಿದ್ದು ಅಲುಗದಿದ್ದರೆ ಕ್ಯಾನ್ಸರ್ ಇರಬಹುದು. ಒತ್ತಿ ನೋಡಿದೆ. ಕಲ್ಲು. ಅಲುಗಲಿಲ್ಲ.

ಮಳವಳ್ಳಿ ಬಸ್ಸು ಹತ್ತಿದೊಡನೆ ಅತ್ತೆ ಸಾರಿದರು: "ಇವುನ್ಗೆ ಕಂಕುಳಲ್ಲಿ ಗಡ್ಡೆ ಎದ್ದದೆ, ಕಿಟ್ಕಿ ತಾವು ಜಾಗ ಬುಡ್ರಪ್ಪ."

ಹಿಂದಿನ ಸೀಟಿನ ಮುದುಕರೊಬ್ಬರು ಕೇಳಿದರು. "ಸುಣ್ಣ ಬೆಲ್ಲ ಆಕುದ್ರಾ?"

"ಆಕಿವ್ನಿ ಕಣಣ್ಣ."

ಇಡೀ ಬಸ್ಸಿಗೆ ಸಮಾಧಾನವಾಯಿತು. ನನಗೊಬ್ಬನಿಗೆ ಆಗಲಿಲ್ಲ. "ಅದು ದುಗ್ಧರಸ ಸೋಸೋ ಗ್ರಂಥಿ ಅತ್ತೆ. ಒಳಗೆ ಬಿಳಿ ರಕ್ತಕಣ ಇದ್ದು ರೋಗಾಣು ಹಿಡೀತವೆ," ಎಂದೆ.

"ಇಡೀಲಿ ಬುಡು. ನೀನ್ಯಾಕ್ಲಾ ಇಂಗೆ ಬೆವರ್ತಾ ಇದ್ದೀಯ?"

ಮಳವಳ್ಳಿಯ ಡಾಕ್ಟರಮ್ಮ ಬೆರಳು ನೋಡಿದರು, ಕಂಕುಳು ಮುಟ್ಟಿದರು, ಹುಬ್ಬು ಗಂಟಿಕ್ಕಿದರು. ಆ ಗಂಟಿನಲ್ಲಿ ನನಗೆ ಮಗಳ ಶಾಲೆ, ಅರ್ಧ ಕಟ್ಟಿದ ಮನೆ, ಎಲ್ಲವೂ ಕಂಡವು. ಆಮೇಲೆ ಅವರು ಉಗುರಿನಲ್ಲಿ ಕೆರೆದು ಮೂಸಿದರು.

"ಏನ್ರೀ ಇದು, ಬೆಲ್ಲದ ವಾಸನೆ?"

ನರ್ಸ್ ಆ ಗಟ್ಟಿ ಪದರವನ್ನು ಬಿಸಿನೀರಲ್ಲಿ ನೆನೆಸಿ ಕಿತ್ತರು, ಕೂದಲ ಸಮೇತ. ಆ ನೋವಿನ ಮಟ್ಟಿಗೆ ನನ್ನ ನೆನಪಿನ ಮೇಲೆ ನನಗೆ ಸಂದೇಹವಿಲ್ಲ. ಕೆಳಗಿದ್ದ ಗಡ್ಡೆ ಮೆತ್ತಗೆ, ಒತ್ತಿದರೆ ಅತ್ತಿತ್ತ ಜಾರುತ್ತಿತ್ತು. ಹಳೆಯ ಕೋಟೆಗಳ ಗಾರೆಗೆ ಸುಣ್ಣದೊಂದಿಗೆ ಬೆಲ್ಲ ಬೆರೆಸುತ್ತಿದ್ದರೆಂದು ಕಾಲೇಜಿನಲ್ಲಿ ವರ್ಷವರ್ಷವೂ ಪಾಠ ಹೇಳುವವನು ನಾನು.

"ಬೆರಳಿನ ಸೋಂಕನ್ನ ಈ ಗ್ರಂಥಿ ತಡೀತಾ ಇದೆ, ಅದಕ್ಕೇ ಊದಿರೋದು. ಬೆರಳು ವಾಸಿಯಾದ್ರೆ ಇದೂ ಇಳಿಯುತ್ತೆ," ಎಂದು ಡಾಕ್ಟರಮ್ಮ ಮಾತ್ರೆ ಬರೆದರು. ಎಡತೋಳಿಗೆ ಧನುರ್ವಾಯುವಿನ ಚುಚ್ಚುಮದ್ದು ಕೊಡಿಸಿದರು. "ಇದರಿಂದ ಮೈಯಲ್ಲಿ ಪ್ರತಿಕಾಯ ಹುಟ್ಟುತ್ತೆ. ತೋಳು ಸ್ವಲ್ಪ ಊದಬಹುದು."

ಹೊರಗೆ ಬಂದ ಮೇಲೆ ನಾನು ಕೈ ಇಳಿಸಿದೆ. ಅತ್ತೆ ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ನೋಡ್ದಾ, ಕಲ್ಲಂಗಿದ್ದುದ್ದ ಒಂದೇ ದಿನಕ್ಕೆ ಮೆತ್ಗೆ ಮಾಡ್ತು ನನ್ನ ಬೆಲ್ಲ."

ಬಸ್ಸಿನಲ್ಲಿ ನಾನು ಎಡತೋಳು ಉಜ್ಜಿಕೊಂಡದ್ದೇ ತಪ್ಪಾಯಿತು. ಅತ್ತೆ ಎಲೆಯಡಿಕೆ ಚೀಲದಿಂದ ಸುಣ್ಣದ ಡಬ್ಬಿ ತೆಗೆದು, ಸೆರಗಿನ ಗಂಟು ಬಿಚ್ಚತೊಡಗಿದರು.

"ಒಂದ್ ಚೂರು ಬೆಲ್ಲ ಉಳುದದೆ, ತೋಳು ಕೊಡ್ಲಾ."