ಕೈ ಬಿಡಲಿಲ್ಲ ಎಂಬ ಸಾಲು

ಮಗಳು ಹುಟ್ಟಿದ ದಿನದ ಬಗ್ಗೆ ನನ್ನ ಡೈರಿಯಲ್ಲಿ ಒಂದೇ ಸಾಲಿದೆ: ‘ಅವರು ಒಂದು ಕ್ಷಣವೂ ನನ್ನ ಕೈ ಬಿಡಲಿಲ್ಲ.’ ಅಕ್ಷರ ನನ್ನದೇ. ಸಾಲು ಸುಳ್ಳೂ ಅಲ್ಲ. ಆದರೆ ಬರೆದದ್ದು ಐದನೆಯ ದಿನ, ನೋಡಲು ಬಂದವರೆಲ್ಲ ನನ್ನ ಗಂಡನನ್ನು ಹೊಗಳಿ ಹೋದ ಮೇಲೆ. ಅದು ನನ್ನ ನೆನಪೋ ಬಂದವರ ಮಾತೋ ಈಗ ಹೇಳಲಾರೆ.

ಏಳನೆಯ ತಿಂಗಳಿನಿಂದ ನಾವಿಬ್ಬರೂ ಭಾನುವಾರಗಳಲ್ಲಿ ಬಂಟ್ವಾಳದಿಂದ ಮೂಡಬಿದಿರೆಗೆ, ಹೆದರದೆ ಹೆರುವುದನ್ನು ಕಲಿಸುವ ಹಿಪ್ನೋಬರ್ತಿಂಗ್ ತರಗತಿಗೆ ಹೋಗುತ್ತಿದ್ದೆವು. ಕಣ್ಣು ಮುಚ್ಚುವುದು, ಮೈ ಸಡಿಲ ಬಿಡುವುದು, ಮನಸ್ಸಿನಲ್ಲೇ ಇಷ್ಟದ ಜಾಗಕ್ಕೆ ಹೋಗಿ ಕೂರುವುದು. ನಾನು ಪೊಳಲಿಯ ಹೊಳೆಬದಿಯನ್ನು ಆರಿಸಿಕೊಂಡಿದ್ದೆ. ಉಸಿರು ಎಣಿಸುವ ಕೆಲಸ ಗಂಡಂದಿರದ್ದು. ನೋವು ಎಂಬ ಪದವನ್ನು ಯಾರೂ ಆಡಬಾರದು, ಅಲೆ ಎನ್ನಬೇಕು ಎಂಬ ನಿಯಮವಿತ್ತು. ಮಾಣಿಯಲ್ಲಿ ಪಂಪ್‌ಸೆಟ್ ಅಂಗಡಿ ಇಟ್ಟಿರುವ ಇವರು ಎಲ್ಲವನ್ನೂ ನನಗಿಂತ ಶ್ರದ್ಧೆಯಿಂದ ಕಲಿತರು. ಸೊಂಟ ನೋವು ಎಂದರೆ ಮನೆಯಲ್ಲೂ ತಿದ್ದುತ್ತಿದ್ದರು. ನಾನು ನಗುತ್ತಿದ್ದೆ.

ಆಸ್ಪತ್ರೆ ಸೇರಿದ್ದು ಬೆಳಿಗ್ಗೆ. ಮೊದಲ ಎರಡು ಗಂಟೆ ಎಲ್ಲ ಕಲಿತಂತೆಯೇ ನಡೆಯಿತು, ಒಪ್ಪಲೇಬೇಕು. ಇವರ ಎಣಿಕೆಗೆ ನನ್ನ ಉಸಿರು ಹೊಂದಿಕೊಂಡಿತ್ತು. ಆಮೇಲೆ ಬಂದದ್ದು ಅಲೆಯಾಗಿರಲಿಲ್ಲ.

ನರ್ಸ್ ಬಾಗಿಲಲ್ಲೇ ನಿಂತು ಕೇಳಿದಳು, “ನೋವು ಹೇಗುಂಟು?”

ನನಗಿಂತ ಮೊದಲು ಇವರು ಹೇಳಿದರು, “ಆರಾಮ ಉಂಟು ಸಿಸ್ಟರ್. ಆ ಶಬ್ದ ಮಾತ್ರ ಹೇಳ್ಬೇಡಿ.”

“ಹಾಗಾದ್ರೆ ಇನ್ನೂ ಹೊತ್ತುಂಟು. ಬೊಬ್ಬೆ ಹಾಕುವಾಗ ಕರೀರಿ,” ಎಂದು ಅವಳು ಪಕ್ಕದ ಕೋಣೆಗೆ ಹೋದಳು. ಅಲ್ಲಿ ಬೊಬ್ಬೆ ಜೋರಾಗಿತ್ತು.

ಅವಳನ್ನು ಕರೆಯಿರಿ ಎಂದೆ. “ಒಟ್ಟಿಗೆ ಎಣಿಸುವ,” ಎಂದರು ಇವರು. “ಒಂದು, ಎರಡು...” ಕರೆಯಿರಿ ಎಂದು ನಾನು ಹೇಳಲೇ ಇಲ್ಲ ಎಂಬುದು ಇವರ ವಾದ. ತುಟಿ ಅಲುಗಿದ್ದು ಖಂಡಿತ. ಧ್ವನಿ ಹೊರಟಿತೇ ಎಂದರೆ ಪ್ರಮಾಣ ಮಾಡಲಾರೆ. ಇವರ ಮುಂಗೈಯಲ್ಲಿ ನನ್ನ ನಾಲ್ಕು ಉಗುರುಗಳ ಗುರುತು ಮೂಡಿತ್ತು. ಅದರ ಫೋಟೋವನ್ನು ಈಗಲೂ ಪ್ರೀತಿಯ ಗುರುತೆಂದು ತೋರಿಸುತ್ತಾರೆ. ಕೈ ಬಿಟ್ಟಿದ್ದರೆ ಹತ್ತು ಹೆಜ್ಜೆ ಹೋಗಿ ಕರೆಯಬಹುದಿತ್ತು.

ಕೊನೆಗೆ ನರ್ಸ್ ಬಂದದ್ದು ಬಿಪಿ ನೋಡಲು. ಹೊದಿಕೆ ಸರಿಸಿದವಳು, “ತಲೆ ಕಾಣ್ತಾ ಉಂಟು. ನೀವೆಂಥ ಮಗ್ಗಿ ಹೇಳಿಸ್ತಾ ಇದ್ದೀರಾ ಮಾರಾಯ್ರೆ?” ಎಂದಳು. ಹೆರಿಗೆ ಕೋಣೆಗೆ ಒಯ್ಯಲು ಸಮಯವಿರಲಿಲ್ಲ. ಮಗಳು ಆ ಮಂಚದಲ್ಲೇ, ಆರೋಗ್ಯವಾಗಿ ಹುಟ್ಟಿದಳು. ನನ್ನ ಮೈ ಹರಿದಿತ್ತು. ಹೊಲಿಗೆಯಲ್ಲಿ ಕೀವಾಯಿತು, ಎರಡು ತಿಂಗಳು ಕೂರಲಾಗದೆ ಮಗ್ಗುಲಾಗಿ ಮಲಗಿಯೇ ಹಾಲೂಡಿಸಿದೆ.

ಕಳೆದ ವಾರ ಬೆಳ್ತಂಗಡಿಯಿಂದ ಇವರ ತಂಗಿ ಗಂಡನೊಂದಿಗೆ ಬಂದಿದ್ದಳು. ಅವಳಿಗೀಗ ಎಂಟು ತಿಂಗಳು. ಊಟವಾದ ಮೇಲೆ ಇವರು ಭಾವನಿಗೆ ಎಣಿಕೆ ಕಲಿಸಿದರು. “ಎಂಥ ಆದ್ರೂ ಕೈ ಬಿಡ್ಲಿಕ್ಕಿಲ್ಲ. ಇವಳು ಒಂದು ಶಬ್ದ ಮಾಡ್ಲಿಲ್ಲ, ಗೊತ್ತುಂಟಾ?”

ಪಾತ್ರೆ ತೊಳೆಯುವಾಗ ತಂಗಿ ಮೆಲ್ಲಗೆ ಕೇಳಿದಳು, “ಅತ್ತಿಗೆ, ನಿಜವಾಗಿ ನೋವಾಗ್ಲಿಲ್ವಾ?”

“ಆಯ್ತು. ಉಸಿರಾಟ ಒಳ್ಳೆಯದೇ, ಅದನ್ನು ಕಲಿ. ಆದ್ರೆ ನೋವಾಗುವಾಗ ನೋವು ಅಂತಲೇ ಬೊಬ್ಬೆ ಹಾಕು. ಕೈ ಬಿಟ್ಟು ನರ್ಸ್ ಹತ್ರ ಓಡ್ಲಿಕ್ಕೆ ನಿನ್ನ ಗಂಡನಿಗೆ ಈಗಲೇ ಹೇಳಿಡು.”

ಅವಳು ಕೈಯಲ್ಲಿದ್ದ ತಟ್ಟೆ ಒರೆಸಿಟ್ಟಳು. ಆಮೇಲೆ ನನ್ನ ಮುಖ ನೋಡದೆ ಹೇಳಿದಳು, “ಅಣ್ಣ ಹೇಳಿದ್ರು, ಅತ್ತಿಗೆಗೆ ಆ ದಿನದ್ದು ಸರಿ ನೆನಪಿಲ್ಲ ಅಂತ.”