ಬಶೀರ್ ಸಾಬರ ಎರಡು ಹೇಳಿಕೆ

ಬಶೀರ್ ಸಾಬರು ಮನೆಗೆ ಬಂದವರ ಮುಖ ಆಮೇಲೆ ನೋಡುತ್ತಿದ್ದರು, ಮೊದಲು ನೋಡುತ್ತಿದ್ದದ್ದು ಕಾಲು. ಚಿತ್ರದುರ್ಗದ ಕೋಟೆ ಹತ್ತಲು ಬಂದವರು ಸವೆದ ಚಪ್ಪಲಿ ಮೆಟ್ಟಿದ್ದರೆ ಮುಗಿಯಿತು. ಹೆಸರು ಕೇಳುವ ಮುಂಚೆಯೇ ಅದನ್ನು ಬಿಚ್ಚಿಸಿ, ಬಾಗಿಲ ಹಿಂದಿನ ಹಲಗೆಯ ಮೇಲೆ ಅಳತೆವಾರು ಜೋಡಿಸಿಟ್ಟಿದ್ದ ಕ್ಯಾನ್ವಾಸ್ ಶೂಗಳಲ್ಲಿ ಒಂದು ಜೊತೆ ತಂದು ಮುಂದಿಡುತ್ತಿದ್ದರು. "ಬಂಡೆ ಯಾರ ಮುಲಾಜೂ ನೋಡಲ್ಲ, ಹಾಕ್ಕಳ್ರಿ" ಎನ್ನುತ್ತಿದ್ದರು. ಹಾಕಿಕೊಳ್ಳುವವರೆಗೆ ಚಹಾ ಬರುತ್ತಿರಲಿಲ್ಲ.

ಹಾಸಿಗೆ ಹೊಲಿಯುವುದು ಅವರ ಮನೆತನದ ಕಸುಬು. ಅಂಗಡಿಗಳಲ್ಲಿ ರೆಡಿಮೇಡ್ ಹಾಸಿಗೆ ಬಂದು ಕೆಲಸ ತಗ್ಗಿತ್ತು. ಕೋಟೆ ಬುಡದ ಅವರ ಮನೆಯಲ್ಲಿ ಮೇಲಿನ ಎರಡು ಕೋಣೆ ಸುಮ್ಮನೆ ಬಿದ್ದಿದ್ದವು. ಅವನ್ನು ಪ್ರವಾಸಿಗರಿಗೆ ಕೊಡಿ ಎಂದು ಗಂಟುಬಿದ್ದವಳು ನಾನು. ಬಸ್ ಸ್ಟ್ಯಾಂಡ್ ಹತ್ತಿರ ನನ್ನದೊಂದು ಆನ್‌ಲೈನ್ ಸೆಂಟರ್ ಇದೆ. ಫೋಟೊ ತೆಗೆದು ಆ್ಯಪ್‌ಗೆ ಹಾಕಿದ್ದು, ಬುಕಿಂಗ್ ನೋಡಿಕೊಂಡಿದ್ದು, ಬಾಡಿಗೆ ನೇರವಾಗಿ ಅವರ ಬ್ಯಾಂಕ್ ಖಾತೆಗೆ ಬೀಳುವ ಹಾಗೆ ಮಾಡಿದ್ದು ನಾನೇ. ಖಾತೆಗೇ ಬೀಳಬೇಕಿತ್ತು, ಯಾಕೆಂದರೆ ತಮ್ಮ ಮನೆಯ ರೊಟ್ಟಿ ತಿಂದವರ ಎದುರು ದುಡ್ಡಿನ ಮಾತೆತ್ತುವುದು ಸಾಬರಿಗೆ ಸಾವಿಗಿಂತ ಕಡೆ. ಹೊರಡುವಾಗ ಯಾರಾದರೂ ಬಾಡಿಗೆಯ ಬಗ್ಗೆ ಕೇಳಿಬಿಟ್ಟರೆ, ನೆಂಟರ ಮನೆಯಲ್ಲಿ ಯಾರಾದರೂ ಲೆಕ್ಕ ಕೇಳುತ್ತಾರಾ ಎಂದು ಗದರಿ ಒಳಗೆ ಹೋಗಿಬಿಡುತ್ತಿದ್ದರು. ತಿಂಗಳಿಗೊಮ್ಮೆ ಪಾಸ್‌ಬುಕ್ ಮಾತ್ರ ತಪ್ಪದೆ ಎಂಟ್ರಿ ಮಾಡಿಸುತ್ತಿದ್ದರು! ಇದೆಂಥಾ ಶೋಕಿ ಎಂದು ನನಗೆ ಮೈ ಉರಿಯುತ್ತಿತ್ತು.

ಬುಕಿಂಗ್ ಮಾಡುವಾಗ ಕೊನೆಯಲ್ಲಿ ಒಂದು ಚೌಕ ಬರುತ್ತದೆ, ಪ್ರವಾಸ ವಿಮೆ ಬೇಕೇ ಎಂದು. ಗುರುತು ಹಾಕಿ ನಾಲ್ಕು ಕಾಸು ಹೆಚ್ಚು ಕಟ್ಟಿದರೆ, ಬಂದವರು ಬಿದ್ದು ಕೈಕಾಲು ಮುರಿದುಕೊಂಡಾಗ ಆಸ್ಪತ್ರೆ ಖರ್ಚು ಕಂಪನಿಯದು. ಇದನ್ನು ವಿವರಿಸಿದಾಗ ಸಾಬರು ಶೂಗಳ ಹಲಗೆ ತೋರಿಸಿ, "ನಿಂದು ಬಿದ್ದ ಮ್ಯಾಲೆ ಬರೋ ಇನ್ಶೂರೆನ್ಸು ಕಣಮ್ಮ. ನಂದು ಬೀಳ್ದಂಗೆ ಕಾಯೋದು" ಅಂದರು. ನಾನು ನಕ್ಕಿದ್ದೆ. ಎರಡನ್ನೂ ಕಣ್ಣುಮುಚ್ಚಿ ನಂಬಬಾರದಿತ್ತು ಎಂದು ಈಗ ಗೊತ್ತಾಗಿದೆ.

ಧಾರವಾಡದ ಸಾವಿತ್ರಮ್ಮ ಒಬ್ಬರೇ ಬಂದಿದ್ದರು. ನಿವೃತ್ತ ಶಿಕ್ಷಕಿ. ಬುಕ್ ಮಾಡುವ ಮುಂಚೆ ನನಗೆ ಫೋನ್ ಮಾಡಿ ವಿಮೆ ತಗೊಳ್ಳಲೋ ಬೇಡವೋ ಎಂದು ಕೇಳಿದ್ದರು. ಕಣ್ಣುಮುಚ್ಚಿ ತಗೊಳ್ಳಿ ಎಂದವಳೂ ನಾನೇ. ಎರಡನೆಯ ದಿನ ಕೋಟೆ ಇಳಿಯುವಾಗ ಕೋತಿಯೊಂದು ಕೈಚೀಲಕ್ಕೆ ಬಾಯಿ ಹಾಕಿತು. ಸಾಬರು ಕೊಟ್ಟ ಶೂ ಕಾಲಲ್ಲಿದ್ದರೂ ಆಯಮ್ಮ ಮೆಟ್ಟಿಲ ಮೇಲೆ ಆಯತಪ್ಪಿ ಬಿದ್ದರು, ತೊಡೆಯ ಮೂಳೆ ಮುರಿಯಿತು. ಸಾಬರು ತಾವೇ ಹೊಲಿದ ಹಾಸಿಗೆಯನ್ನು ಲಗೇಜ್ ಆಟೊದಲ್ಲಿ ಹಾಸಿ, ಅವರನ್ನು ಮಲಗಿಸಿಕೊಂಡು ಆಸ್ಪತ್ರೆಗೆ ತಂದರು. ಆಪರೇಷನ್ ಆಯಿತು. ಆಯಮ್ಮ ಪೆನ್ಷನ್ನಿನಲ್ಲಿ ಕೂಡಿಟ್ಟದ್ದೆಲ್ಲ ಒಂದೇ ವಾರದಲ್ಲಿ ಕರಗಿತು. ವಿಮೆ ಇದೆಯಲ್ಲ ಎಂದು ನಾನು ಧೈರ್ಯ ಹೇಳುತ್ತಲೇ ಇದ್ದೆ.

ವಿಚಾರಣೆಗೆ ಕಂಪನಿಯವನೊಬ್ಬ ಬಂದ. ಆಯಮ್ಮನ ಮಂಚದ ಪಕ್ಕದಲ್ಲೇ ನಿಂತು, ಇವರಿಂದ ಬಾಡಿಗೆ ಎಷ್ಟು ತಗೊಂಡಿರಿ ಎಂದು ಸಾಬರನ್ನು ಕೇಳಿದ. ಕಾಲು ಮುರಿದುಕೊಂಡು ಮಲಗಿದವಳ ಎದುರು! ಸಾಬರ ಮುಖ ಕೆಂಪಾಯಿತು. "ಏನ್ ಮಾತು ಅಂತ ಆಡ್ತೀರಿ? ಅವ್ರು ನಮ್ ನೆಂಟ್ರು. ನೆಂಟ್ರತ್ರ ಬಾಡಿಗೆ ಎಂಥದ್ದು?" ಅಂದರು. ಅವನು ಅಷ್ಟನ್ನೂ ಬರೆದುಕೊಂಡು ಸಹಿ ಹಾಕಿಸಿದ. ನಾನು ಔಷಧಿ ಚೀಟಿ ಹಿಡಿದುಕೊಂಡು ಅಲ್ಲೇ ಇದ್ದೆ. ಇದು ಮರ್ಯಾದೆಯ ಮಾತು ಎಂದು ಅವನಿಗೂ ಗೊತ್ತಾಗುತ್ತದೆ ಅಂದುಕೊಂಡೆ. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ!

ಪತ್ರ ಬಂತು. ಮನೆಯ ಮಾಲೀಕರೇ ನೆಂಟರು ಎಂದಿದ್ದಾರೆ, ಬಾಡಿಗೆ ಪಡೆದಿಲ್ಲ ಎಂದಿದ್ದಾರೆ, ಆದ್ದರಿಂದ ಇದು ಬಾಡಿಗೆಯ ವಾಸ್ತವ್ಯವಲ್ಲ, ಪರಿಹಾರವಿಲ್ಲ. ವಿಮೆಯ ಕಂತು ಕಟ್ಟಿಸಿಕೊಳ್ಳುವಾಗ ಇಂಥ ಯಾವ ಪ್ರಶ್ನೆಯೂ ಇರಲಿಲ್ಲ ನೋಡಿ. ನಾನು ಬುಕಿಂಗ್ ರಸೀದಿ ಕಳಿಸಿದೆ, ಬ್ಯಾಂಕಿನ ಚೀಟಿ ಕಳಿಸಿದೆ, ಫೋನಿನಲ್ಲಿ ಕೂಗಾಡಿದೆ. ಆ ಕಡೆಯ ಹೆಣ್ಣುಮಗಳು ಜೇನಿನಂಥ ದನಿಯಲ್ಲಿ, ಮೇಡಂ, ಅವರ ಸಹಿ ಇದೆಯಲ್ಲ ಎಂದಳು. ಆಯಮ್ಮ ಗಿರಾಕಿ, ನೆಂಟಳಲ್ಲ ಎಂದು ಮಾಲೀಕರೇ ಮತ್ತೆ ಬರೆದುಕೊಡಬೇಕಂತೆ.

ಆ ಸಿಟ್ಟನ್ನೆಲ್ಲ ಹೊತ್ತುಕೊಂಡು ಹೋಗಿ ಸಾಬರ ಮೇಲೆ ಸುರಿದೆ. ದುಡ್ಡು ಬಿದ್ದಿದ್ದು ಬ್ಯಾಂಕಿಗೆ, ಅದನ್ನು ತಮ್ಮ ಬಾಯಲ್ಲಿ ಹೇಳಿಸಬೇಡ ಎಂದು ಅವರು ಬೇಡಿಕೊಂಡರು. ನಿಮ್ಮ ದೊಡ್ಡಸ್ತಿಕೆಗೆ ಆಯಮ್ಮ ಬೀದಿಗೆ ಬೀಳಬೇಕಾ ಎಂದು ಬೀದಿಗೆಲ್ಲ ಕೇಳುವ ಹಾಗೆ ಕಿರುಚಿದೆ. ತಂದೆಯ ವಯಸ್ಸಿನವರಿಗೆ ಹಾಗೆ ಅನ್ನಬಾರದಿತ್ತು. ಅವರು ಸೂಜಿಗೆ ದಾರ ಪೋಣಿಸುತ್ತಾ ಕೂತರು.

ಮರುದಿನ ನಾನು ಅಂಗಡಿ ಬಾಗಿಲು ತೆಗೆಯುವಷ್ಟರಲ್ಲಿ ಬಂದು ನಿಂತಿದ್ದರು. ಹಬ್ಬಕ್ಕೆ ಹಾಕುವ ಇಸ್ತ್ರಿ ಮಾಡಿದ ಜುಬ್ಬಾ, ಟೋಪಿ. ಕುಂತ್ಕಳ್ರಿ ಎಂದರೂ ಕೂರಲಿಲ್ಲ.

"ಬರ್ಕಳಮ್ಮ. ಅವ್ರು ಗಿರಾಕಿ. ಬಾಡಿಗೆ ತಗಂಡಿದೀನಿ. ನಮ್ಗೂ ಅವ್ರಿಗೂ ಏನೂ ಸಂಬಂಧ ಇಲ್ಲ."

ಟೈಪು ಮಾಡಿ ಕೊಟ್ಟೆ. ಓದದೆ ಸಹಿ ಹಾಕಿದರು.

"ಇದನ್ನ ಅವ್ರು ಓದಲ್ಲ ತಾನೆ?"

ಇಲ್ಲ ಸಾಬ್ರೆ, ಕಂಪನಿಗೆ ಮಾತ್ರ ಎಂದೆ. ತಲೆಯಾಡಿಸಿ, ಆ್ಯಪ್‌ನಿಂದ ಮನೆಯ ಫೋಟೊ ತೆಗೆದುಬಿಡು ಎಂದು ಹೇಳಿ ಹೋದರು. ನಾನು ಅವರನ್ನು ಕೊನೆಯ ಸಲ ನೋಡಿದ್ದು ಅದೇ. ಸಾವಿತ್ರಮ್ಮನಿಗೆ ಹಣ ಬಂತು. ಹಣದ ಜೊತೆಗೆ ಆ ಹಾಳು ಕಂಪನಿ ಕಡತದ ನಕಲನ್ನೂ ಕಳಿಸಿತ್ತಂತೆ, ಸಾಬರ ಎರಡೂ ಹೇಳಿಕೆ ಸಮೇತ.

ಎರಡು ತಿಂಗಳಾಗಿರಲಿಲ್ಲ, ಸಾಬರು ಮಲಗಿದಲ್ಲೇ ಹೋಗಿಬಿಟ್ಟರು. ಮೂರನೆಯ ದಿನ ಸತ್ತವರಿಗಾಗಿ ಮಾಡುವ ಜಿಯಾರತ್ ಪ್ರಾರ್ಥನೆಗೆ ನಾನು ಹೋದಾಗ, ಸುದ್ದಿ ತಿಳಿದ ಸಾವಿತ್ರಮ್ಮ ಧಾರವಾಡದಿಂದ ವಾಕರ್ ಊರಿಕೊಂಡು ಬಂದು ಬಾಗಿಲಲ್ಲಿ ನಿಂತಿದ್ದರು. ಹಿರಿಯೂರಿನಿಂದ ಬಂದಿದ್ದ ಸಾಬರ ಭಾಮೈದನಿಗೆ ಅವರ ಗುರುತಿಲ್ಲ. ಮೇಲಿನ ಕೋಣೆಗೆ ಬಂದ ಗಿರಾಕಿಯಾ, ಈಗ ಕೊಡುತ್ತಿಲ್ಲವಲ್ಲ ಎಂದ.

"ಕಾಗದದಾಗ ಹಂಗ ಬರದದರಿ" ಅಂದರು ಸಾವಿತ್ರಮ್ಮ. "ನಾ ಈ ಮನಿ ಬಳಗದಾಕಿ."

ಆಯಮ್ಮ ಅದನ್ನು ಓದಿದ್ದು ಸಾಬರಿಗೆ ಗೊತ್ತಾಗಲಿಲ್ಲವಲ್ಲ, ಸದ್ಯ ಎಂದುಕೊಂಡೆ. ಮರುಕ್ಷಣವೇ, ಈ ಮಾತೂ ಅವರಿಗೆ ಕೇಳಿಸಲಿಲ್ಲವಲ್ಲ ಅನ್ನಿಸಿತು.