ನೆಲಕ್ಕೆ ತಾಗದ ಕಾರು

ಕಾರಿನ ವಿಚಾರದಲ್ಲಿ ನನಗೆ ಸ್ವಲ್ಪ ಕೊಬ್ಬಿತ್ತು. ಬೆಂಗಳೂರಿನ ಹಂಪುಗಳ ಮೇಲೆ ವರ್ಷಗಟ್ಟಲೆ ಗಾಡಿ ಓಡಿಸಿದವನಿಗೆ ಮೊದಲು ಗ್ರೌಂಡ್ ಕ್ಲಿಯರೆನ್ಸು, ಉಳಿದದ್ದೆಲ್ಲ ಆಮೇಲೆ. ಈ ದೇಶಕ್ಕೆ ಬಂದ ಮೇಲೂ ಅಷ್ಟೇ, ಸ್ಯಾನ್ ಮಟಿಯೋದ ಶೋರೂಮಿಗೆ ಆಫೀಸಿನ ಮೂವರು ದಢೂತಿ ಗೆಳೆಯರನ್ನು ಕರೆದುಕೊಂಡು ಹೋದೆ. ಅವರನ್ನು ಹಿಂದಿನ ಸೀಟಿನಲ್ಲಿ ತುಂಬಿ, ಪಕ್ಕದ ಪ್ಲಾಜಾದ ಹಂಪಿನ ಮೇಲೆ ಕಾರನ್ನು ಮೂರು ಸಲ ಹತ್ತಿಸಿ ಇಳಿಸಿದೆ. ತಳ ಎಲ್ಲೂ ಉಜ್ಜಲಿಲ್ಲ. ನಾವು ಏನು ಪರೀಕ್ಷೆ ಮಾಡುತ್ತಿದ್ದೇವೆಂದು ಮುಂದೆ ಕೂತಿದ್ದ ಸೇಲ್ಸ್‌ಮನ್‌ಗೆ ಕೊನೆಗೂ ತಿಳಿಯಲಿಲ್ಲ. ನಾಲ್ಕೂ ಚಕ್ರಕ್ಕೆ ಎಂಜಿನ್ನಿನ ಬಲ ಹೋಗುವ ಮಾಡೆಲ್ ತೋರಿಸಲೇ ಎಂದ. ಬೇಡ ಎಂದೆ. ಎತ್ತರವಿದೆಯಲ್ಲ, ಸಾಕು.

ಆ ಚಳಿಗಾಲದಲ್ಲಿ ನನ್ನ ಹೆಂಡತಿಯ ತಂಗಿಗೆ ದಿನ ತುಂಬಿತ್ತು. ಅವಳಿರುವುದು ಬೆಟ್ಟದ ಆಚೆ, ರೀನೋದಲ್ಲಿ. ಅಕ್ಕತಂಗಿಯರಿಗೆ ತಾಯಿ ಇಲ್ಲ. ಚೊಚ್ಚಲ ಹೆರಿಗೆ ತವರಿನದು ಅನ್ನುತ್ತಾರೆ. ಇವಳಿಗೆ ಅಕ್ಕನೇ ತವರು. ಹೆರಿಗೆಯ ಹೊತ್ತಿಗೆ ಪಕ್ಕದಲ್ಲೇ ಇರುತ್ತೇನೆಂದು ನನ್ನ ಹೆಂಡತಿ ತಂಗಿಗೆ ಮಾತು ಕೊಟ್ಟಿದ್ದಳು. ಲ್ಯಾಬಿಗೆ ರಜೆ ಹಾಕಿದಳು, ಅಂಟಿನುಂಡೆ ಕಟ್ಟಿ ಡಬ್ಬಿಗೆ ತುಂಬಿದಳು. ನನಗೆ ಹೇಳಿದ್ದು ಒಂದೇ ಕೆಲಸ.

"ರೀ, ಸ್ನೋ ಟೈರ್ ಹಾಕಿಸ್ಬಿಡಿ. ಘಾಟಿ ಹತ್ತಬೇಕು."

ಟೈರಿನಂಗಡಿಗೆ ಹೋದೆ, ಹೋಗಲಿಲ್ಲವೆಂದಲ್ಲ. ಅಲ್ಲಿನ ಹಿರಿಯ ಮೆಕ್ಯಾನಿಕ್ ಟೈರಿನ ಕಚ್ಚುಗಳಲ್ಲಿ ಬೆರಳಿಟ್ಟು ನೋಡಿದ. ಚಳಿಗೆ ಈ ರಬ್ಬರು ಗಟ್ಟಿಯಾಗಿ ಹಿಡಿತ ಕಳೆದುಕೊಳ್ಳುತ್ತದೆ, ಚಳಿಗಾಲದ ಟೈರು ಮೆತ್ತಗೇ ಉಳಿಯುತ್ತದೆ ಎಂದ. ಕಾರಿನ ಎತ್ತರ ಕೆಲಸಕ್ಕೆ ಬರುವುದು ಹಿಮ ಆಳವಾಗಿ ಬಿದ್ದಾಗ, ಜಾರುವ ರಸ್ತೆಯಲ್ಲಿ ಕಾಯುವುದು ಟೈರೇ ಎಂದೂ ಹೇಳಿದ. ಟೈರು ಮಾರುವವನು ಇನ್ನೇನು ಹೇಳುತ್ತಾನೆ ಎಂದುಕೊಂಡು ಹೊರಟು ಬಂದೆ. ಹಾಸನದ ಮಳೆಗಾಲದ ಕೆಸರಲ್ಲಿ ಓಡಿಸಿದವನಿಗೆ ಇವನ ಪಾಠ ಬೇರೆ!

"ನಮ್ ಕಾರಿಗೆ ಅದೆಲ್ಲ ಬೇಕಿಲ್ಲ ಕಣೆ, ಎಷ್ಟು ಹೈಟ್ ಇದೆ ನೋಡು" ಎಂದೆ.

"ನಿಮಗೆ ಗೊತ್ತಿರತ್ತೆ ಬಿಡಿ" ಎಂದಳು. ವ್ಯಂಗ್ಯವಿರಲಿಲ್ಲ. ನಿಜವಾಗಿಯೂ ನಂಬಿದ್ದಳು.

ಡಾಕ್ಟರು ಹೇಳಿದ ದಿನಕ್ಕೆ ವಾರ ಮೊದಲೇ, ಬೆಳಿಗ್ಗೆ ಏಳಕ್ಕೆ ಷಡ್ಡಕನ ಫೋನು ಬಂತು. ನೀರು ಒಡೆದಿದೆ, ಆಸ್ಪತ್ರೆಗೆ ಹೊರಟಿದ್ದೇವೆ ಎಂದ. ಕಾಲುಗಂಟೆಯಲ್ಲಿ ನಾವು ಫ್ರೀವೇ ಮೇಲಿದ್ದೆವು. ಸ್ಯಾಕ್ರಮೆಂಟೋ ದಾಟುವವರೆಗೆ ಬರೀ ಮಳೆ. ಬೆಟ್ಟ ಹತ್ತುತ್ತಿದ್ದಂತೆ ಅದು ಹಿಮವಾಯಿತು. ಒಂದು ಕಡೆ ಎಲ್ಲ ಗಾಡಿಗಳನ್ನೂ ನಿಲ್ಲಿಸಿ ನೋಡುತ್ತಿದ್ದರು. ಹಳದಿ ಕೋಟಿನವನೊಬ್ಬ ಬಗ್ಗಿ ಟೈರಿನ ಬದಿಯನ್ನು ನೋಡಿದ. ಎಷ್ಟು ಚಕ್ರಕ್ಕೆ ಎಂಜಿನ್ ಬಲ, ಚಕ್ರಕ್ಕೆ ಸುತ್ತುವ ಚೈನು ತಂದಿದ್ದೀರಾ ಎಂದು ಕೇಳಿದ. ಎರಡಕ್ಕೆ, ಚೈನು ತಂದಿಲ್ಲ ಎಂದೆ. ಸ್ನೋ ಟೈರೂ ಇಲ್ಲ, ಹಿಂದಕ್ಕೆ ತಿರುಗಿಸಿ ಎಂದ. ಕಾರಿನ ಎತ್ತರದ ಬಗ್ಗೆ ಅವನು ಒಂದು ಮಾತನ್ನೂ ಕೇಳಲಿಲ್ಲ.

ಕೆಳಗಿನ ಊರಿಗೆ ಇಳಿದೆವು. ಎರಡನೆಯ ಅಂಗಡಿಯಲ್ಲಿ ನಮ್ಮ ಟೈರಿನ ಅಳತೆಯ ಚೈನು ಸಿಕ್ಕಿತು. ಅಂಗಡಿಯ ಮುಂದೆಯೇ ಹಾಕಿ ನೋಡಿಬಿಡೋಣವೆಂದು ಒದ್ದೆ ನೆಲದಲ್ಲಿ ಮಲಗಿದೆ. ಕಾರಿನ ತಳಕ್ಕೂ ನೆಲಕ್ಕೂ ನಡುವೆ ಬೇಕಾದಷ್ಟು ಜಾಗವಿತ್ತು, ಮರಗಟ್ಟಿದ ಬೆರಳಿಗೆ ಕೊಂಡಿ ಮಾತ್ರ ಸಿಕ್ಕುತ್ತಿರಲಿಲ್ಲ. ಅವಳು ನನ್ನ ತಲೆಯ ಮೇಲೆ ಕೊಡೆ ಹಿಡಿದು ನಿಂತಿದ್ದಳು. ಫೋನು ಬಂದಾಗ ನಾನಿನ್ನೂ ಒಂದನೆಯ ಚಕ್ರದಲ್ಲೇ ಇದ್ದೆ. ಹೆಣ್ಣು ಮಗು, ಇಬ್ಬರೂ ಚೆನ್ನಾಗಿದ್ದಾರೆ. "ಒಳ್ಳೇದಾಯ್ತು, ಒಳ್ಳೇದಾಯ್ತು" ಎಂದು ಅವಳು ಅಳುತ್ತಾ ಹೇಳಿದಳು. ಕೊಡೆ ಒಂದಿಷ್ಟೂ ಅಲುಗಲಿಲ್ಲ. ನನಗೆ ನೆಲದಿಂದ ಏಳಲು ನಾಚಿಕೆಯಾಯಿತು.

ಚೈನು ಕಟ್ಟಿಕೊಂಡು ತೆವಳುತ್ತಾ ಹೋಗಿ ತಲುಪುವಷ್ಟರಲ್ಲಿ ಸಂಜೆ ನಾಲ್ಕಾಗಿತ್ತು. ನಾದಿನಿ ದಿಂಬಿಗೆ ಒರಗಿ ಕೂತಿದ್ದಳು. ಸೋತು ಸುಣ್ಣವಾಗಿದ್ದರೂ ಅಕ್ಕನನ್ನು ಕಂಡ ಕೂಡಲೇ ಮುಖ ಅರಳಿತು. ಮಗುವನ್ನು ಅಕ್ಕನ ಕೈಗೆ ಕೊಟ್ಟು, ನಗುತ್ತಲೇ ಹೇಳಿದಳು:

"ಅಕ್ಕ ಬರ್ತಾ ಇದಾಳೆ, ಇನ್ನೊಂಚೂರು ತಡ್ಕೋತೀನಿ ಅಂತ ನರ್ಸ್‌ಗೆ ಹೇಳ್ತಾನೇ ಇದ್ದೆ ಕಣೆ. ಆಗ್ಲಿಲ್ಲ."

ನನ್ನ ಹೆಂಡತಿ ಮಗುವನ್ನೇ ನೋಡುತ್ತಿದ್ದಳು. ನನ್ನ ಕಡೆ ತಿರುಗಲಿಲ್ಲ. ತಿರುಗಿ ನಾಲ್ಕು ಮಾತು ಬೈದಿದ್ದರೆ ಎಷ್ಟೋ ವಾಸಿಯಿತ್ತು.